ಕರೀ ಗಾಜಿನ ಕಾರು

ಹಿಂದೂಪುರ
೧೬ ಆಗಸ್ಟ್ ೧೯೯೩

ಚಿರಂಜೀವಿ ಶಂಕರನಿಗೆ ಅಕ್ಕ ಗಂಗಾದೇವಿಯ ಆಶೀರ್ವಾದಗಳು.

'ಬಿಸಿಲಲ್ಲಿ ನಡೆವವಳಿಗೆ ನೆರಳೇ ತವರು...' ಎಂದು ಒಂದು ಸಾಲು ನೆನಪಿದೆ. ಮುಂದಿನ ಅರ್ಧ ಮರೆತಿದೆ. ಯಾರ ಬಾಯಲ್ಲಿ ಕೇಳಿದೆನೋ, ಎಂ.ಎ.ಗೆ ಓದುವಾಗ ಎಲ್ಲಿ ಕಂಡೆನೋ ತಿಳಿಯದು. ನಿನ್ನೆ ಸಂಜೆಯಿಂದ ಅದು ತಲೆಯಲ್ಲಿ ಸುತ್ತುತ್ತಿದೆ. ಸುತ್ತಿದಷ್ಟೂ ಸಾಲಿನ ಮೇಲೇ ಅನುಮಾನ ಬರುತ್ತಿದೆ. ನೆರಳು ಹೇಗೆ ತವರಾದೀತು? ನೆರಳಿಗೆ ಬಾಗಿಲಿಲ್ಲ, ಬಂದೆಯಾ ಎಂದು ಕೇಳುವವರಿಲ್ಲ. ಆದರೂ ನಿನ್ನ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಕೂತಾಗೆಲ್ಲ ಆ ಸಾಲು ನಿಜವೆನ್ನಿಸುತ್ತಿತ್ತು. ಅಕ್ಕನ ಅರೆತಲೆನೋವಿಗೆ ಬಿಸಿಲು ಆಗದೆಂದು ಗಾಜಿಗೆಲ್ಲ ಕಪ್ಪು ಫಿಲಂ ಹಾಕಿಸಿದ ತಮ್ಮ ಎಷ್ಟು ಜನರಿಗಿದ್ದಾನೆ?

ನಿನ್ನೆ ಆ ನೆರಳಿಗೇ ಪೊಲೀಸರು ಕೇಸಿನ ಚೀಟಿ ಹರಿದುಕೊಟ್ಟರು. ಆದಿನಾರಾಯಣ ಅಲ್ಲಿಗೆ ಬಂದು ಹೇಳಿರುತ್ತಾನೆ, ಆದರೆ ಅವನು ಡ್ರೈವರ್, ಹೆದರಿದವನು, ಅರ್ಧ ಹೇಳಿ ಅರ್ಧ ಬಿಟ್ಟಿರುತ್ತಾನೆ. ನಡೆದದ್ದು ಇಷ್ಟು. ನಿಮ್ಮಲ್ಲಿಂದ ಹೊರಟು ಹಿಂದೂಪುರ ಇನ್ನೇನು ಬಂತು ಅನ್ನುವಾಗ ರಸ್ತೆಗೆ ಅಡ್ಡ ಬ್ಯಾರಿಕೇಡು. ಸ್ವಾತಂತ್ರ್ಯ ದಿನದ ತಪಾಸಣೆಯಂತೆ. ಚಿಕ್ಕ ವಯಸ್ಸಿನ ಎಸ್ಸೈ ಒಬ್ಬ ಎರಡೂ ಅಂಗೈ ಗಾಜಿಗೆ ಒತ್ತಿ, ಮೂಗು ಅಂಟಿಸಿ ಒಳಗೆ ಇಣುಕಿದ. ನಾನು ಗಾಜು ಇಳಿಸಿ, ಹೈಸ್ಕೂಲಿನ ಕನ್ನಡ ಟೀಚರು, ತವರಿನಿಂದ ಬರುತ್ತಿದ್ದೇನೆ ಎಂದೆ.

'ಟೀಚರಮ್ಮಾ, ಮೀಕೆಂದುಕಮ್ಮಾ ಈ ದಾಪರಿಕಂ?' ಎಂದ.

ನಾನು ಬಚ್ಚಿಟ್ಟುಕೊಳ್ಳುವುದೇ! ಏನನ್ನು? ನಲವತ್ತೆಂಟು ವರ್ಷದ ಹೆಂಗಸು ಕಡಲೆಕಾಯಿ ಚೀಲದ ಜೊತೆ ಕೂತಿದ್ದಾಳೆ, ಅದರಲ್ಲಿ ಬಚ್ಚಿಡುವುದು ಏನಿದೆ? ಕಪ್ಪು ಫಿಲಂ ಕಾನೂನಿಗೆ ವಿರುದ್ಧ, ಬೆಳಕು ಅರ್ಧದಷ್ಟಾದರೂ ಒಳಗೆ ಬರಬೇಕು ಎಂದು ಆದಿನಾರಾಯಣನ ಲೈಸೆನ್ಸು ಇಟ್ಟುಕೊಂಡ. ಅವನು ಬರೆಯುತ್ತಿರುವಾಗಲೇ ನಮ್ಮ ಪಕ್ಕದಲ್ಲಿ ಯಾವನೋ ಮುಖಂಡನ ಜೀಪು ಹಾದುಹೋಯಿತು. ಅದರ ಗಾಜು ನಮ್ಮದಕ್ಕಿಂತ ಕಪ್ಪು. ಎಸ್ಸೈ ಪೆನ್ನು ಹಿಡಿದ ಕೈಯಲ್ಲೇ ಅದಕ್ಕೆ ಸಲ್ಯೂಟು ಹೊಡೆದ! ಅದನ್ನು ಕೇಳಿದ್ದಕ್ಕೆ 'ಕೋರ್ಟ್‌ನಲ್ಲಿ ಹೇಳ್ಕೊಳ್ಳಿ' ಅಂದ.

ಹೇಳಿಕೊಳ್ಳುತ್ತೇನೆ. ಬಿಡುವುದಿಲ್ಲ.

ಇನ್ನೊಂದು ವಿಷಯ. ವರ್ಗಾವಣೆಗೆ ಅರ್ಜಿ ಹಾಕಲು ಡಿಸೆಂಬರ್ ಕೊನೆಯವರೆಗೆ ಸಮಯವಿದೆ. ನಿನ್ನ ಭಾವ ಹೋದಮೇಲೆ ಈ ಊರಿನಲ್ಲಿ ನನಗೇನೂ ಉಳಿದಿಲ್ಲ. ಕಲ್ಯಾಣದುರ್ಗದ ಶಾಲೆಯಲ್ಲಿ ಕನ್ನಡಕ್ಕೆ ಜಾಗವಿದೆ. ನಮ್ಮ ಬೀದಿಯಲ್ಲಿ ಈರಕ್ಕನ ಪಕ್ಕದ ಮನೆ ಖಾಲಿ ಇದೆಯಲ್ಲ, ಅವಳದ್ದೇ, ಅದನ್ನು ಮಾತಾಡಿದೆಯಾ? ಮೂರು ಸಲ ಕೇಳಿದೆ, ನೀನು ನೋಡೋಣ ಅಂದೆ.

ಬನಶಂಕರಿಗೂ ಮಗು ಚೌಡೇಶ್ವರಿಗೂ ನನ್ನ ನೆನಪು.

ನಿನ್ನ ಅಕ್ಕ
ಗಂಗಾದೇವಿ

*

ಕಲ್ಯಾಣದುರ್ಗ
೨೧ ಆಗಸ್ಟ್ ೧೯೯೩

ಮಾತೃಸಮಾನಳಾದ ಅಕ್ಕನಿಗೆ ತಮ್ಮ ಶಂಕರಯ್ಯ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಂಗಡಿ ವ್ಯಾಪಾರ ಸುಮಾರಾಗಿದೆ, ಶ್ರಾವಣದಲ್ಲಿ ಇರಬೇಕಾದಷ್ಟಿಲ್ಲ.

ಪೊಲೀಸರ ವಿಷಯ ಆದಿನಾರಾಯಣ ಹೇಳಿದ. ಅಕ್ಕ, ಇದು ದೊಡ್ಡದು ಮಾಡುವ ಮಾತಲ್ಲ. ತಪ್ಪು ಅಂತ ಒಪ್ಪಿ ದಂಡ ಕಟ್ಟಿಬಿಟ್ಟರೆ ಅಲ್ಲಿಗೆ ಮುಗಿಯಿತು. ನೀನು ಕೋರ್ಟಿನ ಮೆಟ್ಟಿಲು ಹತ್ತುವುದು ಬೇಡ. ಹೆಣ್ಣುಮಕ್ಕಳು ಹೋಗುವ ಜಾಗವಲ್ಲ. ನಾನೇ ಯಾರನ್ನಾದರೂ ಕಳಿಸುತ್ತೇನೆ.

ಮನೆಯ ವಿಷಯ ಮರೆತಿಲ್ಲ. ಹೋಗಿ ನೋಡಿದೆ. ಸೂರು ಸೋರುತ್ತದೆ. ತೊಲೆಗೆ ಗೆದ್ದಲು ಹಿಡಿದ ಹಾಗಿದೆ. ನೀನು ಪುಸ್ತಕಗಳನ್ನು ಇಡುವವಳು, ಒಂದು ಮಳೆಗೆ ಎಲ್ಲ ಹಾಳಾಗುತ್ತದೆ. ಬೇರೆ ಬೀದಿಯಲ್ಲಿ ನೋಡುತ್ತಿದ್ದೇನೆ. ಅವಸರ ಮಾಡಬೇಡ.

ಇಂತಿ ನಿನ್ನ ತಮ್ಮ
ಶಂಕರಯ್ಯ

*

ಹಿಂದೂಪುರ
೩೦ ಆಗಸ್ಟ್ ೧೯೯೩

ಶಂಕರ,

ನಿನ್ನ ಪತ್ರ ಓದಿ ನಗು ಬಂತು, ಆಮೇಲೆ ಕೋಪ ಬಂತು. ಹೆಣ್ಣುಮಕ್ಕಳು ಹೋಗುವ ಜಾಗವಲ್ಲವಂತೆ! ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಸಂತೆಗೆ, ಆಸ್ಪತ್ರೆಗೆ, ಸ್ಕೂಲಿಗೆ ಹೋದವಳು ಈಗ ಕೋರ್ಟಿಗೆ ಹೋಗಬಾರದೇ? ಖಾಕಿ ಕಂಡರೆ ನಿನಗೆ ಚಿಕ್ಕಂದಿನಿಂದಲೂ ಭಯ. ಅಂಚೆಯವನು ಬಂದರೂ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಆ ಭಯವನ್ನು ನನಗೆ ಹಚ್ಚಬೇಡ.

ಇದು ದಂಡದ ಪ್ರಶ್ನೆಯಲ್ಲ. 'ಬಚ್ಚಿಟ್ಟುಕೊಳ್ಳುತ್ತೀರಿ' ಎಂದು ಒಬ್ಬ ಹುಡುಗ ನನ್ನ ಮುಖಕ್ಕೆ ಹೇಳಿದ. ತಪ್ಪೊಪ್ಪಿದರೆ ಆ ಮಾತನ್ನೂ ಒಪ್ಪಿದ ಹಾಗೆ. ನಾನು ಯಾರಿಂದ ಏನು ಬಚ್ಚಿಡಬೇಕು? ಮೂವತ್ತು ಮಕ್ಕಳ ಎದುರು ದಿನವೂ ನಿಲ್ಲುವವಳು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಶಿವಯೋಗಪ್ಪನವರು ಇಲ್ಲಿ ವಕೀಲರು. 'ಅಮ್ಮಾ, ಇಂಥ ಕೇಸಿಗೆ ಯಾರೂ ವಾದ ಮಾಡಲ್ಲ' ಎಂದರು. ನಾನು ಹಟ ಮಾಡಿದ ಮೇಲೆ, ಡಾಕ್ಟರ ಚೀಟಿ ತನ್ನಿ ಎಂದರು. ತಂದಿದ್ದೇನೆ. ಅರೆತಲೆನೋವು, ಬಿಸಿಲಿಗೆ ಹೆಚ್ಚಾಗುತ್ತದೆ ಎಂದು ಬರೆದುಕೊಟ್ಟಿದ್ದಾರೆ. ಒಬ್ಬ ತಮ್ಮ ಅಕ್ಕನಿಗಾಗಿ ಮಾಡಿದ್ದನ್ನು ಕಳ್ಳರು ಮಾಡುವುದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು, ಇಷ್ಟು ಹೇಳಿದರೆ ಸಾಕು ನನಗೆ.

ಸೂರು ಸೋರಿದರೆ ಸೋರಲಿ, ಹಂಚು ಹೊದಿಸೋಣ. ನನಗೆ ಆ ಬೀದಿಯೇ ಬೇಕು. ಯಾಕೆಂದು ನಿನಗೆ ಗೊತ್ತಿಲ್ಲವೇ? ಬೆಳಗಿನ ಹೊತ್ತು ಮಗ್ಗಕ್ಕೇರಿಸುವ ಹಾಸನ್ನು ಬೀದಿಯುದ್ದಕ್ಕೂ ಚಾಚಿ ಗೂಟಕ್ಕೆ ಕಟ್ಟುತ್ತಿದ್ದರು. ಸಾವಿರಾರು ಎಳೆ, ಬಿಸಿಲು ಬಿದ್ದರೆ ನೀರು ಹರಿದ ಹಾಗೆ ಹೊಳೆಯುತ್ತಿತ್ತು. ಕಡಿದ ಎಳೆ ಹುಡುಕಿ ಜೋಡಿಸಲು ಈರಕ್ಕ ನನ್ನನ್ನೇ ಕರೆಯುತ್ತಿದ್ದಳು. 'ಗಂಗಮ್ಮನ ಬೆರಳಿಗೆ ಕಣ್ಣೈತೆ ಕಣೇ' ಅನ್ನುತ್ತಿದ್ದಳು. ನಾನು ಓದಿದ್ದೆಲ್ಲ ಆ ಜಗಲಿಯ ಮೇಲೆ, ಎಳೆ ಜೋಡಿಸುತ್ತ.

ಈಗ ಅವಳನ್ನು ಮಾತಾಡಿಸಿಯೇ ಎರಡು ವರ್ಷವಾಗುತ್ತ ಬಂತು. ನಾನು ಬಂದಾಗೆಲ್ಲ ಅವಳು ಊರಲ್ಲಿಲ್ಲ ಅನ್ನುತ್ತಾಳೆ ಬನಶಂಕರಿ. ಕಾರು ನಿಮ್ಮ ಹೊಸಿಲಿಗೆ ಅಂಟಿಕೊಂಡ ಹಾಗೆ ನಿಲ್ಲುತ್ತದೆ, ನಾನು ಒಳಗೆ ಹೋಗುತ್ತೇನೆ, ಮರುದಿನ ಹಾಗೆಯೇ ಹೊರಡುತ್ತೇನೆ. ಕಪ್ಪು ಗಾಜಿನೊಳಗಿಂದ ಬೀದಿ ನೋಡುತ್ತೇನೆ ಅಷ್ಟೆ. ನಿನ್ನ ಕಾರು ತಿರುವಿನಲ್ಲಿ ಕಂಡರೆ ಸಾಕು, ಪಾಪ, ಅವರು ಗಡಿಬಿಡಿಯಿಂದ ಹಾಸು ಸುತ್ತಿ ದಾರಿ ಬಿಡುತ್ತಾರೆ. ಬಟ್ಟೆ ಅಂಗಡಿ ಶಂಕರಯ್ಯನ ಕಾರಿಗೆ ಅಷ್ಟು ಮರ್ಯಾದೆ!

ಕೋರ್ಟಿನ ದಿನ ಸೆಪ್ಟೆಂಬರ್ ೨೨. ಚೀಟಿ ಆದಿನಾರಾಯಣನ ಹೆಸರಿಗಿದೆ, ಅವನು ಕಾರು ತೆಗೆದುಕೊಂಡು ಹಿಂದಿನ ದಿನವೇ ಬರಲಿ.

ಅಕ್ಕ

*

ಕಲ್ಯಾಣದುರ್ಗ
೬ ಸೆಪ್ಟೆಂಬರ್ ೧೯೯೩

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಲು ಹಿಡಿದು ಕೇಳುತ್ತೇನೆ, ಕೋರ್ಟಿನಲ್ಲಿ ವಾದ ಬೇಡ. ಆದಿನಾರಾಯಣನನ್ನು ಕಟಕಟೆಯಲ್ಲಿ ನಿಲ್ಲಿಸಬೇಡ. ಅವನು ಒಳ್ಳೆಯವನು, ಆದರೆ ಹೆದರಿದರೆ ಬಾಯಿ ನಿಲ್ಲುವುದಿಲ್ಲ. ಒಂದು ಹೋಗಿ ಇನ್ನೊಂದು ಹೇಳಿಬಿಟ್ಟರೆ ಕೇಸು ಬೇರೆ ದಾರಿ ಹಿಡಿಯುತ್ತದೆ.

ಡಾಕ್ಟರ ಚೀಟಿ ಕೊಡುವುದೂ ಬೇಡ. ನಿನ್ನ ಕಾಯಿಲೆ ನಾಲ್ಕು ಜನಕ್ಕೆ ಯಾಕೆ ಗೊತ್ತಾಗಬೇಕು?

ನಾನೇ ಬರುತ್ತಿದ್ದೆ. ಅಂಗಡಿಗೆ ದಸರೆಯ ಮಾಲು ಬರುವ ಸಮಯ. ದಯವಿಟ್ಟು ಒಪ್ಪಿಕೋ.

ಶಂಕರಯ್ಯ

*

ಹಿಂದೂಪುರ
೨೪ ಸೆಪ್ಟೆಂಬರ್ ೧೯೯೩

ಶಂಕರಯ್ಯನಿಗೆ,

ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಕೇಸು ಕರೆದಾಗ ಮಧ್ಯಾಹ್ನವಾಗಿತ್ತು. ಆದಿನಾರಾಯಣ ಟವೆಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಶಿವಯೋಗಪ್ಪನವರು ಡಾಕ್ಟರ ಚೀಟಿ ಮುಂದಿಟ್ಟರು. ಮಾಲೀಕನ ಅಕ್ಕನಿಗೆ ಬಿಸಿಲು ಆಗದು, ಅದಕ್ಕಾಗಿ ಹಾಕಿಸಿದ್ದು ಎಂದರು. ಮ್ಯಾಜಿಸ್ಟ್ರೇಟರು ಚೀಟಿ ಓದಿ ನನ್ನ ಕಡೆ ನೋಡಿದರು. ನನಗೆ ಆಗ ಎಷ್ಟು ಹೆಮ್ಮೆ ಗೊತ್ತೇ? ನಿನ್ನ ಬಗ್ಗೆ ಹೆಮ್ಮೆ. ಈ ಕೋರ್ಟಿನ ಜನರೆಲ್ಲ ತಿಳಿಯಲಿ, ಇಂಥ ತಮ್ಮಂದಿರೂ ಇದ್ದಾರೆ ಎಂದು.

ಆಮೇಲೆ ಅವರು ಆದಿನಾರಾಯಣನ ಕಡೆ ತಿರುಗಿ ತೆಲುಗಿನಲ್ಲಿ ಗದರಿದರು. 'ನಿಜಂ ಚೆಪ್ಪು. ದೊಂಗ ಸರುಕು ಏಮನ್ನಾ ವೇಸ್ತುನ್ನಾರಾ ಬಂಡಿಲೋ?'

ಕಳ್ಳಮಾಲು ಅಂದದ್ದೇ ತಡ, ಅವನು ಎರಡು ಕೈ ಜೋಡಿಸಿ ಒಂದೇ ಉಸಿರಿಗೆ ಹೇಳಿದ.

'ಲೇದು ಸಾಮೀ, ದೇವ್ರಾಣೆ ಲೇದು! ಅಕ್ಕಾರು ಬೀದಿಯಾಗೆ ಯಾರ ಕಣ್ಗೂ ಬೀಳಬಾರ್ದು ಅಂತ ಹಾಕ್ಸಿದ್ದು. ಗಂಡ ಇಲ್ದೋರಲ್ವಾ ಸಾಮೀ, ಹಾಸು ಚಾಚೋ ಹೊತ್ನಾಗೆ ಎದುರಾದ್ರೆ ಎಳೆ ಕಡೀತವೆ ಅಂತಾರೆ ನಮ್ ಕಡೆ. ಅದ್ಕೇ ನಮ್ ಸಾವ್ಕಾರ್ರು ಕರೀ ಪೇಪರ್ ಹಾಕ್ಸಿದ್ರು. ಕಳ್ಳಮಾಲ್ಗೆ ಅಲ್ಲ ಸಾಮೀ, ಅಕ್ಕಾರ್ಗೆ.'

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಶಿವಯೋಗಪ್ಪನವರು ತಲೆ ತಗ್ಗಿಸಿ ಯಾವುದೋ ಕಾಗದ ಹುಡುಕಿದರು. ಮ್ಯಾಜಿಸ್ಟ್ರೇಟರು ದಂಡ ಹಾಕಿ, ಫಿಲಂ ಕಿತ್ತು ಕಾರನ್ನು ಸ್ಟೇಷನ್ನಿಗೆ ತೋರಿಸಿ ಲೈಸೆನ್ಸು ಬಿಡಿಸಿಕೊಳ್ಳಬೇಕು ಎಂದರು. ಕೊನೆಗೆ ಡಾಕ್ಟರ ಚೀಟಿಯನ್ನು ಮಡಿಸಿ, 'ಇದಿ ಮೀ ದಗ್ಗರೇ ಉಂಚುಕೋಂಡಮ್ಮಾ' ಎಂದು ನನಗೇ ವಾಪಸು ಕೊಡಿಸಿದರು. ಕೊಡಿಸುವಾಗ ನನ್ನ ಮುಖ ನೋಡಲಿಲ್ಲ. ಅವರಿಗೆ ನಾಚಿಕೆಯಾಗಿತ್ತು, ಶಂಕರ. ಯಾರೋ ಪರಸ್ಥಳದ ಮನುಷ್ಯನಿಗೆ ನನ್ನ ಪರವಾಗಿ ನಾಚಿಕೆಯಾಯಿತು.

ಆ ಹುಡುಗ ಎಸ್ಸೈ ಹೇಳಿದ್ದು ಸರಿಯಾಗಿತ್ತು. ಬಚ್ಚಿಟ್ಟಿದ್ದರು. ಬಚ್ಚಿಟ್ಟ ವಸ್ತು ನಾನು, ನನಗೇ ಗೊತ್ತಿರಲಿಲ್ಲ. ಕಳ್ಳಮಾಲಿಗಲ್ಲ, ಅಕ್ಕನಿಗೆ. ಇವೆರಡರ ನಡುವೆ ವ್ಯತ್ಯಾಸವೇನು, ನೀನೇ ಬರೆ.

ಒಂದೊಂದೇ ಈಗ ಕಾಣುತ್ತಿದೆ. ಕಾರು ಹೊಸಿಲಿಗೆ ಅಂಟಿಕೊಂಡು ನಿಲ್ಲುತ್ತಿದ್ದದ್ದು ಮರ್ಯಾದೆಗಲ್ಲ. ಈರಕ್ಕ ಊರಲ್ಲಿಲ್ಲ ಎಂದದ್ದು ಸುಳ್ಳು. ಸೂರು ಸೋರುತ್ತದೆ ಅನ್ನುವುದೂ ಅದೇ ಜಾತಿಯದಿರಬೇಕು. ಮತ್ತೆ ಆ ಜನ! ನಾನು ಎಳೆ ಜೋಡಿಸಿಕೊಟ್ಟ ಜನ! ಅವರು ಹಾಸು ಸುತ್ತಿಕೊಂಡು ಒಳಗೆ ಓಡುತ್ತಿದ್ದದ್ದು ನಿನ್ನ ಕಾರಿಗೆ ದಾರಿ ಬಿಡಲಿಕ್ಕಲ್ಲ. ಒಳಗೆ ನಾನಿದ್ದೇನೆಂದು ತಿಳಿದು. ಕಪ್ಪು ಹಾಳೆಯೂ ನನ್ನನ್ನು ಸಾಕಷ್ಟು ಮುಚ್ಚಲಿಲ್ಲ ನೋಡು.

ಅರೆತಲೆನೋವು ನನಗಿರುವುದು ನಿಜ. ಅದನ್ನು ನೆಪ ಮಾಡಿಕೊಂಡೆಯಲ್ಲ, ಅದು ಸಹಿಸಲಾಗುತ್ತಿಲ್ಲ. ಬರಬೇಡ ಅಂದಿದ್ದರೆ ಜಗಳವಾಡುತ್ತಿದ್ದೆ. ಎರಡು ವರ್ಷ ನಿನಗೆ ಕೃತಜ್ಞಳಾಗಿದ್ದೆ.

ಗಂಗಾದೇವಿ

*

ಕಲ್ಯಾಣದುರ್ಗ
೪ ಅಕ್ಟೋಬರ್ ೧೯೯೩

ಅಕ್ಕನಿಗೆ ನಮಸ್ಕಾರಗಳು. ಪತ್ರ ತಲುಪಿತು. ಕಾಗದದಲ್ಲಿ ಬರೆಯುವ ಮಾತಲ್ಲ, ಎದುರಿಗೆ ಕೂತು ಮಾತಾಡೋಣ. ಈ ಎರಡನೇ ಶನಿವಾರ ಎಂದಿನಂತೆ ಕಾರು ಕಳಿಸುತ್ತೇನೆ. ಚೌಡೇಶ್ವರಿ ದಸರೆಗೆ ಅತ್ತೆ ಬರುತ್ತಾರಾ ಎಂದು ಕೇಳುತ್ತಿದ್ದಾಳೆ. ಆದಿನಾರಾಯಣನಿಗೆ ಬೈದಿದ್ದೇನೆ.

ಶಂಕರಯ್ಯ

*

ಕಲ್ಯಾಣದುರ್ಗ
೩೦ ಅಕ್ಟೋಬರ್ ೧೯೯೩

ಅಕ್ಕ,

ಕಾರು ಖಾಲಿ ವಾಪಸು ಬಂತು. ದಸರೆಗೂ ನೀನು ಬರಲಿಲ್ಲ. ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಚೌಡೇಶ್ವರಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದಿನಾರಾಯಣ ಅವಳಿಗೂ ಎಲ್ಲ ಹೇಳಿದ್ದಾನೆ. ಬರೆದುಬಿಡುತ್ತೇನೆ.

ಭಾವ ಹೋದಮೇಲೆ ಮೊದಲ ಸಲ ನೀನು ಬಂದದ್ದು ತೊಂಬತ್ತೆರಡರ ಸಂಕ್ರಾಂತಿ ಕಳೆದು. ಬೀದಿಯ ತುದಿಯಲ್ಲೇ ಇಳಿದು, ಹಾಸಿನ ಪಕ್ಕದಲ್ಲೇ ನಡೆದು ಬಂದೆ, ಎಂದಿನ ಹಾಗೆ. ಅದೇ ದಿನ ಪಾಪಯ್ಯನ ಹಾಸು ಸಿಕ್ಕಾಗಿ ಅರ್ಧಕ್ಕರ್ಧ ಕಡಿದುಹೋಯಿತು. ಗಾಳಿಗೋ, ಗಂಜಿ ಹೆಚ್ಚಾಗಿಯೋ, ದೇವರಿಗೇ ಗೊತ್ತು. ಸಂಜೆ ಅವನು ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದ. ಆಮೇಲೆ ಮೆಲ್ಲಗೆ, 'ನಿಮ್ಮಕ್ಕ ಬಂದಿದ್ದು ಸಂತೋಸ ಕಣಪ್ಪ. ಹಾಸು ಚಾಚೋ ಹೊತ್ನಾಗೆ ಮಾತ್ರ ಎದುರು ಬರ್ದಂಗೆ ನೋಡ್ಕೋ. ನಾನು ಒಬ್ನೇ ಹೇಳ್ತಿಲ್ಲ' ಎಂದ. ಒಬ್ಬನೇ ಹೇಳುತ್ತಿಲ್ಲ ಅಂದರೆ ಬೀದಿಯೇ ಹೇಳುತ್ತಿದೆ ಅಂತ ನಾನು ತಿಳಿದೆ.

ನನ್ನ ಅಂಗಡಿಯ ಸೀರೆಗಳೆಲ್ಲ ಆ ಬೀದಿಯ ಮಗ್ಗದ್ದು. ಜಗಳ ಆಡುವಷ್ಟು ಎದೆ ನನಗಿಲ್ಲ, ನಿನಗೆ ಗೊತ್ತು. ನಿನ್ನನ್ನು ಬರಬೇಡ ಅನ್ನಲು ನಾಲಿಗೆ ಬರಲಿಲ್ಲ. ಅವರ ಬಾಯಿ ಕಟ್ಟಲೂ ಆಗಲಿಲ್ಲ. ಮಧ್ಯದಲ್ಲಿ ಒಂದು ಕಪ್ಪು ಹಾಳೆ ಸಿಕ್ಕಿತು, ಹಾಕಿಸಿದೆ. ನೀನು ಬರುವುದು ನಿಲ್ಲಲಿಲ್ಲ, ಅವರು ಆಡುವುದು ನಿನ್ನ ಕಿವಿಗೆ ಬೀಳಲಿಲ್ಲ. ಇಷ್ಟು ಮಾಡಿದ್ದು ತಪ್ಪೇ? ಆ ಮಾತು ನೀನು ಕೇಳಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತೇ? ನನ್ನನ್ನು ಬೈಯುವ ಮೊದಲು ಅದನ್ನೂ ಯೋಚಿಸು.

ಮುಂದಿನ ಸಲ ಹತ್ತು ಗಂಟೆ ಮೇಲೆ ಬಾ. ಅಷ್ಟು ಹೊತ್ತಿಗೆ ಹಾಸೆಲ್ಲ ಎತ್ತಿರುತ್ತಾರೆ. ಯಾರಿಗೂ ತೊಂದರೆಯಿಲ್ಲ.

ನಿನ್ನ ತಮ್ಮ

*

ಹಿಂದೂಪುರ
೮ ನವೆಂಬರ್ ೧೯೯೩

ಶಂಕರ,

ಮೊದಲ ಬಾರಿಗೆ ಒಂದು ನಿಜವಾದ ಕಾಗದ ಬರೆದಿದ್ದೀಯ. ಅದಕ್ಕಾಗಿ ಉತ್ತರಿಸುತ್ತಿದ್ದೇನೆ.

ನೀನು ಕೇಳಿದ್ದನ್ನು ಯೋಚಿಸಿದೆ. ಆ ಮಾತು ನನ್ನ ಕಿವಿಗೆ ಬಿದ್ದಿದ್ದರೆ ಅತ್ತಿರುತ್ತಿದ್ದೆ, ನಿಜ. ಆಮೇಲೆ ಪಾಪಯ್ಯನ ಮನೆಗೆ ಹೋಗಿ, 'ಮಾವ, ಯಾವ ಎಳೆ ಕಡಿದಿದೆ ತೋರಿಸು, ಜೋಡಿಸುತ್ತೇನೆ' ಅನ್ನುತ್ತಿದ್ದೆ. ಅವನು ಬಾಗಿಲು ಹಾಕಿಕೊಂಡರೂ ಹಾಕಿಕೊಳ್ಳಲಿ, ನನ್ನ ಮುಖದ ಮೇಲೆ ಹಾಕಿಕೊಳ್ಳಲಿ. ಅದು ನನಗೂ ಅವನಿಗೂ ನಡುವಿನ ಮಾತು. ನೀನು ಆ ಜಗಳವನ್ನು ನನ್ನ ಕೈಯಿಂದ ಕಿತ್ತುಕೊಂಡೆ. ನನ್ನ ಪರವಾಗಿ ಸೋತು, ಸೋತದ್ದನ್ನು ನನಗೆ ತಿಳಿಸದೆ, ಅದಕ್ಕೆ ನೆರಳು ಅಂತ ಹೆಸರಿಟ್ಟೆ.

ನಾನು ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಪದ್ಯ ಹೇಳಿಕೊಡುವವಳು. ಅವರಲ್ಲಿ ಒಬ್ಬಳ ತಾಯಿ ಹೋದ ವರ್ಷ ಗಂಡನನ್ನು ಕಳೆದುಕೊಂಡಳು. ಹುಡುಗಿ ಒಂದು ದಿನ ಕೇಳಿತು, 'ಮೇಡಂ, ನೀವು ಹೆಂಗೆ ಎಲ್ಲಾ ಕಡೆ ಹೋಗ್ತೀರಾ? ನಮ್ಮಮ್ಮ ಬಾಗ್ಲಿಗೂ ಬರಲ್ಲ.' ನಾನು ಏನು ಹೇಳಿದೆ ಗೊತ್ತೇ? 'ಹೋಗಬೇಕು ಕಣಮ್ಮ, ಯಾರೂ ಏನೂ ಅನ್ನಲ್ಲ, ನಾನು ನನ್ನ ತವರಿಗೆ ತಿಂಗಳಿಗೊಂದು ಸಲ ಹೋಗ್ತೀನಿ' ಅಂದೆ. ಧೈರ್ಯದಿಂದ ಹೇಳಿದೆ. ಆ ಹುಡುಗಿಗೆ ನಾನು ಹೇಳಿದ್ದು ಸುಳ್ಳಾಯಿತು. ಇದಕ್ಕೆ ಯಾವ ಕೋರ್ಟಿನಲ್ಲಿ ದಂಡ ಕಟ್ಟುತ್ತೀ?

ಹತ್ತು ಗಂಟೆ ಮೇಲೆ ಬಾ ಎಂದಿದ್ದೀಯ. ಯಾರಿಗೂ ತೊಂದರೆಯಿಲ್ಲವಂತೆ. ಆ 'ಯಾರಿಗೂ' ಅನ್ನುವುದರಲ್ಲಿ ನಾನು ಸೇರಿಲ್ಲ, ಅದನ್ನು ಗಮನಿಸಿದೆಯಾ?

ಮೂರು ಪುಟ ಬರೆದವನು ಮನೆಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಸೂರು ಸೋರುತ್ತದೆಯೋ ಇಲ್ಲವೋ?

ಕಾರನ್ನು ಇಲ್ಲಿಗೆ ಕಳಿಸು. ಲೈಸೆನ್ಸು ಇನ್ನೂ ಸ್ಟೇಷನ್ನಿನಲ್ಲೇ ಇದೆ, ಪಾಪ, ಆದಿನಾರಾಯಣ ಅದಿಲ್ಲದೆ ಕಳ್ಳನ ಹಾಗೆ ಓಡಿಸುತ್ತಿದ್ದಾನೆ. ಫಿಲಂ ಕೀಳಿಸುವ ಕೆಲಸ ನನ್ನ ಕಣ್ಣೆದುರು ಆಗಬೇಕು. ಅವನಿಗೆ ಇನ್ನು ಮೇಲೆ ಬೈಯಬೇಡ. ಈ ಕೇಸಿನಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಅಕ್ಕ

*

ಹಿಂದೂಪುರ
೬ ಡಿಸೆಂಬರ್ ೧೯೯೩

ಶಂಕರ,

ಕಾರು ಬಂತು. ತಿಂಗಳು ತಡವಾಗಿ ಕಳಿಸಿದರೂ ಕಳಿಸಿದೆಯಲ್ಲ.

ನಿನ್ನೆ ಭಾನುವಾರ, ಮನೆ ಮುಂದೆ ನಿಲ್ಲಿಸಿ, ಬಿಸಿನೀರು, ಸೋಪು, ಹಳೇ ಬ್ಲೇಡು ಹಿಡಿದು ನಾನೇ ಕೂತೆ. ಆದಿನಾರಾಯಣ 'ಬಿಡ್ರಕ್ಕಾ, ನಾನ್ ಕಿತ್ತೀನಿ' ಎಂದು ಒದ್ದಾಡಿದ. ಹಿಂದಿನ ಗಾಜನ್ನು ಅವನಿಗೆ ಬಿಟ್ಟೆ. ನಾನು ಕೂರುತ್ತಿದ್ದ ಕಿಟಕಿಯನ್ನು ಬಿಡಲಿಲ್ಲ. ಒಂದೇ ಎಳೆತಕ್ಕೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಚೂರುಚೂರಾಗಿ, ಸುಟ್ಟ ಚರ್ಮದ ಹಾಗೆ ಕಿತ್ತುಬಂತು. ಅಂಟು ಮಾತ್ರ ಗಾಜಿಗೇ ಉಳಿಯಿತು, ಉಗುರಿನಲ್ಲಿ ಕೆರೆದೆ. ಎದುರುಮನೆ ತಿಪ್ಪಕ್ಕ ಬಾಗಿಲಲ್ಲಿ ನಿಂತು, 'ಯಾರ ಮೇಲಿನ ಕೋಪ ಕಣಮ್ಮ ಇದು?' ಅಂದಳು. ಸಂಜೆಯ ಹೊತ್ತಿಗೆ ನಿಜವಾಗಿಯೂ ತಲೆನೋವು ಬಂತು.

ಆ ಸಾಲಿನ ಉಳಿದ ಅರ್ಧ ಇನ್ನೂ ನೆನಪಾಗಿಲ್ಲ. ಆಗದಿದ್ದರೂ ಈಗ ಚಿಂತೆಯಿಲ್ಲ. ಅದನ್ನು ಬರೆದವರು ತವರಿನ ಒಳಗೆ ಕೂತು ಬರೆದಿರಬೇಕು.

ಇವತ್ತು ಸ್ಟೇಷನ್ನಿಗೆ ತೋರಿಸಿ ಲೈಸೆನ್ಸು ಬಿಡಿಸಿದ್ದಾಯಿತು. ಅದೇ ಎಸ್ಸೈ ಇದ್ದ. ಗಾಜಿನ ಮೇಲೆ ಬೆರಳು ಬಡಿದು, 'ಇಪ್ಪುಡು ಬಾಗುಂದಿ ಟೀಚರಮ್ಮಾ' ಎಂದ. ಈಗ ಚೆನ್ನಾಗಿದೆಯಂತೆ. ಆ ಜೀಪಿನ ಗಾಜು ಈಗ ಹೇಗಿದೆ ಎಂದು ಕೇಳಿದೆ. ಕೆಮ್ಮಿದ.

ಶನಿವಾರ ಬರುತ್ತೇನೆ. ಹತ್ತು ಗಂಟೆಯ ಮೇಲಲ್ಲ, ಹಾಸು ಚಾಚಿರುವ ಹೊತ್ತಿಗೆ. ಬೀದಿಯ ತುದಿಯಲ್ಲೇ ಇಳಿಯುತ್ತೇನೆ. ವರ್ಗಾವಣೆಯ ಅರ್ಜಿ ಬರೆದು ಇಟ್ಟಿದ್ದೇನೆ. ಅದನ್ನು ಕಳಿಸುವುದೋ ಹರಿಯುವುದೋ ಆ ಬೀದಿಯಲ್ಲಿ ಒಂದು ಸಲ ನಡೆದಮೇಲೆ ನಿರ್ಧರಿಸುತ್ತೇನೆ. ನೀನು ತಡೆಯಲು ಬರಬೇಡ.

ಅಕ್ಕ

*

ಕಲ್ಯಾಣದುರ್ಗ
೧೨ ಡಿಸೆಂಬರ್ ೧೯೯೩

ಅಕ್ಕನಿಗೆ ಶಂಕರನ ನಮಸ್ಕಾರಗಳು.

ನೀನು ಬರಬೇಡ ಅಂದಿದ್ದೆ, ನಾನು ಬಂದೆ. ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಶನಿವಾರ ಮೊದಲನೇ ಬಸ್ಸಿಗೆ ಹತ್ತಿ ಹಿಂದೂಪುರಕ್ಕೆ ಹೊರಟೆ, ಹೇಗಾದರೂ ಮಾತಾಡಿ ಎರಡು ಗಂಟೆ ತಡ ಮಾಡಿಸೋಣ ಅಂತ. ರೊದ್ದಂ ದಾಟಿದ ಮೇಲೆ ನಮ್ಮದರ ಹಾಗೇ ಬಿಳಿ ಅಂಬಾಸಿಡರೊಂದು ಎದುರು ಬಂತು. ಮುಂದಿನ ಸೀಟಿನಲ್ಲಿ ಯಾರೋ ಹೆಂಗಸು ಕೂತಿದ್ದರು. ಹಳೇ ರೂಢಿಯಲ್ಲಿ, ನಮ್ಮದಕ್ಕೆ ಕಪ್ಪು ಗಾಜಲ್ಲವೇ ಅಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ನಿನ್ನ ಮನೆಗೆ ಬೀಗ ಕಂಡಮೇಲೆ ತಿಳಿಯಿತು. 'ಹೊತ್ತು ಮೂಡೋಕೆ ಮುಂಚೆ ಹೋದ್ರು ಕಣಣ್ಣ, ಡ್ರೈವರ್ ಪಕ್ಕ ಕುಂತ್ಕೊಂಡು, ಗಾಜು ಇಳಿಸ್ಕೊಂಡು' ಅಂದಳು ತಿಪ್ಪಕ್ಕ. ಅಕ್ಕನ ಮುಖ ನನ್ನ ಕಣ್ಣೆದುರು ಹಾದುಹೋದರೂ ನಾನು ಗುರುತಿಸಲಿಲ್ಲ.

ದಾರಿಯಲ್ಲಿ ಬಸ್ಸು ಕೆಟ್ಟು, ನಾನು ವಾಪಸು ಬರುವಷ್ಟರಲ್ಲಿ ಕತ್ತಲಾಗಿತ್ತು, ನೀನು ಹೊರಟುಹೋಗಿದ್ದೆ. ಉಳಿದದ್ದು ಚೌಡೇಶ್ವರಿ ಹೇಳಿದ್ದು. ಎರಡು ತಿಂಗಳ ಮೇಲೆ ನನ್ನ ಜೊತೆ ಮಾತಾಡಿದಳು, ಮಾತಾಡಿದ್ದೆಲ್ಲ ಇದೇ. ಬೀದಿಯ ತುದಿಯಿಂದ ಅತ್ತೆ ನಡೆದು ಬಂದರು, ಹಾಸಿನ ಪಕ್ಕದಲ್ಲೇ ಬಂದರು ಎಂದಳು. ಪಾಪಯ್ಯ ನಿನ್ನನ್ನು ಕಂಡು ಒಳಗೆ ಹೋದನಂತೆ. ಇನ್ನೂ ಇಬ್ಬರು ಮುಖ ತಿರುಗಿಸಿದರಂತೆ. ಈರಕ್ಕ ಮಾತ್ರ ಗೂಟ ಹೊಡೆಯುತ್ತಿದ್ದವಳು ಸುತ್ತಿಗೆ ಬಿಟ್ಟು ನಿನ್ನ ಕೆನ್ನೆ ಮುಟ್ಟಿ ನೋಡಿದಳಂತೆ. ನೀವಿಬ್ಬರೂ ಏನು ಮಾತಾಡಿದಿರಿ ಎಂದು ಕೇಳಿದೆ. 'ನಿಮಗ್ಯಾಕಪ್ಪ' ಅಂದಳು ನನ್ನ ಮಗಳು.

ಇವತ್ತು ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದೆ. ಈರಕ್ಕ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ. ಹೊಸಿಲಿನಾಚೆಯೇ ನಿಂತು ಬೀದಿಗೆಲ್ಲ ಕೇಳುವ ಹಾಗೆ ಅಂದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಇನ್ನು ಏನನ್ನೂ ಮುಚ್ಚುವುದಿಲ್ಲ.

'ಏನ್ಲಾ ಶಂಕ್ರ, ಆ ಕರೀ ಗಾಜಿನ ಕಾರು ಬೀದಿಗೆ ಬಂದಾಗೆಲ್ಲ ಯಾವನೋ ಆಫೀಸರ್ನ ಕರ್ಕೊಂಡ್ ಬಂದ್ಬುಟ್ಟ, ರೋಡ್ನಾಗೆ ಹಾಸು ಚಾಚಬ್ಯಾಡ್ರಿ ಅಂತಾನೆ ಅಂತ ನಾವು ಹಾಸು ಸುತ್ಕೊಂಡು ಒಳೀಕ್ ಓಡ್ತಿದ್ವಲ್ಲೋ! ಒಳ್ಗೆ ಇದ್ದಿದ್ದು ನಮ್ ಗಂಗಮ್ಮನಾ? ಗಂಡ ಸತ್ಮ್ಯಾಲೆ ಒಂದ್ಸಲ ಬಂದಿದ್ದೇ ಬಂದಿದ್ದು, ತಮ್ಮ ಮತ್ತೆ ತವರ್ಗೇ ಕರೀಲಿಲ್ಲ ಅಂತ ಬೀದಿಯೆಲ್ಲ ನಿನ್ನ ಬೈಕೊಂತಿದ್ವಿ ಕಣ್ಲಾ. ಪಾಪಯ್ಯ ಏನೋ ಅಂದ್ನಂತೆ. ಅವ್ನ ಹಾಸು ಅವ್ನು ನೋಡ್ಕಂತಾನೆ, ನನ್ ಮನೆಗೆ ಯಾರು ಬರ್ಬೇಕು ಅಂತ ಹೇಳಾಕೆ ಅವ್ನ್ಯಾರು, ನೀನ್ಯಾರು? ಅವ್ಳು ಬಂದು ಕೇಳ್ತಾಳೆ, ಈರಕ್ಕ ನಿನ್ ಮನೆ ಸೂರು ಸೋರ್ತದಂತಲ್ಲ ಅಂತ. ಈ ಊರ್ನಾಗೆ ಸೋರೋ ಅಷ್ಟು ಮಳೆ ಯಾವತ್ತು ಬಂದೈತಪ್ಪ? ಬೀಗದ ಕೈ ತಂದಿವ್ನಿ. ಬಾ, ಎಲ್ಲಿ ಸೋರ್ತದೆ ತೋರ್ಸು.'